ಕೊನೆಯ ಪುಟದ ತಿದ್ದುಪಡಿ

ಈಗಿನ ಪ್ರೇಮ ಕಾದಂಬರಿಗಳ ಮೇಲೆ ತಿದ್ದುಪಡಿಯವರಿಗೆ ಎಷ್ಟು ಸಿಟ್ಟಿತ್ತೆಂದರೆ, ಎಷ್ಟು ಓದಿದರೂ ಅದು ತೀರುತ್ತಿರಲಿಲ್ಲ. ಅದರಲ್ಲೂ ಗಂಡು ಗಂಡನ್ನೇ ಮೆಚ್ಚುವ ಕಾದಂಬರಿಗಳು. ಬೀದಿ ಕೊನೆಯ ಲೈಬ್ರರಿಯಲ್ಲಿ ಈಗ ಅವಕ್ಕೆಂದೇ ಒಂದು ಬೀರು ಬಂದುಬಿಟ್ಟಿತ್ತು. ತಿದ್ದುಪಡಿಯವರು ಅದರ ಮುಂದೆ ನಿಂತು, ಆಚೆ ಈಚೆ ನೋಡಿ, ಒಂದನ್ನು ಎಳೆದು, ದಪ್ಪನೆಯ ಭೂಗೋಳದ ಪುಸ್ತಕದ ಕೆಳಗೆ ಬಚ್ಚಿಟ್ಟುಕೊಂಡು ಮನೆಗೆ ತರುತ್ತಿದ್ದರು. (ಪ್ರತಿ ಸಲವೂ ಅದೇ ಭೂಗೋಳ. ಇಷ್ಟು ಹೊತ್ತಿಗೆ ಅವರು ಭೂಮಿಯನ್ನು ಹತ್ತು ಸುತ್ತು ಸುತ್ತಿರಬೇಕಿತ್ತು.) ಬೈಯುತ್ತ ಬೈಯುತ್ತ ಓದುತ್ತಿದ್ದರೇ ಹೊರತು ಒಂದನ್ನೂ ಅರ್ಧಕ್ಕೆ ಬಿಟ್ಟಿದ್ದಿಲ್ಲ.

ಅಚ್ಚಿನ ಮನೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಮಾಡಿ ನಿವೃತ್ತರಾದವರು ಅವರು. ನಿವೃತ್ತಿ ಕೆಲಸಕ್ಕೆ ಮಾತ್ರ, ನಾಲಿಗೆಗಲ್ಲ. ಅಂಗಡಿ ಬೋರ್ಡು, ಔಷಧದ ಚೀಟಿ, ಬಸ್ಸಿನ ಬೆನ್ನು, ಕಣ್ಣಿಗೆ ಬಿದ್ದಿದ್ದನ್ನೆಲ್ಲ ತಿದ್ದಿ ತಿದ್ದಿ ಬೀದಿಯವರಿಂದ 'ತಿದ್ದುಪಡಿ' ಎಂಬ ಬಿರುದು ಸಂಪಾದಿಸಿದ್ದರು. ಮಹಡಿಮನೆಯಲ್ಲಿ ಮೂವತ್ತು ವರ್ಷದಿಂದ ಅವರ ಜೊತೆಗಿದ್ದವರು ಟೈಲರು. ಕೇಳಿದವರಿಗೆಲ್ಲ "ನಮ್ಮ ದೊಡ್ಡಪ್ಪನ ಮಗ" ಎಂಬ ಉತ್ತರ ಸಿದ್ಧವಿತ್ತು. (ಮರೆವು ಬಂದ ದಿನ ಟೈಲರು ಚಿಕ್ಕಪ್ಪನ ಮಗನಾಗುವುದೂ ಉಂಟು.) ಬೀದಿಯಲ್ಲಿ ಒಬ್ಬರಿಗೊಬ್ಬರು ಬಹುವಚನದ ಮರ್ಯಾದೆ, ಬಾಗಿಲು ಹಾಕಿಕೊಂಡ ಮೇಲೆ ಏಕವಚನದ ಜಗಳ. ಹೊರಕೋಣೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ, ಎರಡನೆಯ ಮಂಚವೊಂದನ್ನು ಹಾಕಿದ್ದರು. ಅದರ ಹೊದಿಕೆ, ದಿಂಬುಗಳನ್ನು ತಿದ್ದುಪಡಿಯವರು ದಿನಾ ಬೆಳಿಗ್ಗೆ ಎದ್ದು ಕೈಯಾರೆ ಕೆದರಿಡುತ್ತಿದ್ದರು. ಬೆಕ್ಕನ್ನು ಬಿಟ್ಟರೆ ಆ ಮಂಚದ ಮೇಲೆ ಯಾರೂ ಮಲಗಿದ್ದಿಲ್ಲ.

ಹೀಗಿರುವಾಗ ಲೈಬ್ರರಿಯಮ್ಮ ಒಂದು ದಿನ ಅವರನ್ನು ಅಡ್ಡಹಾಕಿದರು.

"ಭಾನುವಾರ ಓದುಗರ ಸಭೆ ಇದೆ. ಆ ಬೀರೂಲಿರೋ ಕಾದಂಬರಿಗಳ ಬಗ್ಗೆ ನೀವೇ ಮಾತಾಡ್ಬೇಕು."

ಭೂಗೋಳ ದೊಪ್ಪೆಂದು ಕೆಳಗೆ ಬಿತ್ತು. "ನಾನಾ? ನಾನ್ಯಾಕೆ?"

"ಅದನ್ನ ಪೂರ್ತಿ ಓದಿರೋರು ನೀವೊಬ್ರೇ ಅಲ್ವಾ? ನಿಮ್ಮಷ್ಟು ತಿಳಿದೋರು ಇನ್ಯಾರಿದಾರೆ?"

ಹೊಗಳಿಕೆಗೆ ಕರಗದವರು ಯಾರು? ಒಪ್ಪಿಕೊಂಡು ಮನೆಗೆ ಬಂದವರೇ ಹೊಲಿಗೆ ಮೆಷಿನ್ನಿನ ಮುಂದೆ ನಿಂತು ಭಾಷಣದ ತಾಲೀಮು ಶುರುಮಾಡಿದರು.

"ಕೇಳು. ಈ ನಾಯಕರಿಗೆಲ್ಲ ಹೊಟ್ಟೆ ಅನ್ನೋದೇ ಇಲ್ಲ, ಆ ಜಾಗದಲ್ಲಿ ಬರೀ ಸ್ನಾಯುಗಳ ಮೆಟ್ಟಿಲು. ಒಬ್ಬನಾದ್ರೂ ಗೊರಕೆ ಹೊಡೀತಾನಾ? ಒಬ್ಬನಾದ್ರೂ ಪಾತ್ರೆ ತೊಳೀತಾನಾ?"

"ನೀನೂ ತೊಳೆಯಲ್ಲ" ಎಂದರು ಟೈಲರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಆಮೇಲೆ ಈ ಕಾಫಿ! ಒಬ್ಬ ಇನ್ನೊಬ್ಬನ ಅಂಗಿ ಮೇಲೆ ಕಾಫಿ ಚೆಲ್ಲಿದ್ನೋ, ಮುಗೀತು, ಪ್ರೇಮ! ನಾನು ಚೆಲ್ಲಿದಾಗ ನೀನು ಎರಡು ದಿನ ಮಾತು ಬಿಟ್ಟಿದ್ದೆ."

"ಬಿಳೀ ಅಂಗಿ ಅದು. ಅದೂ ಗಿರಾಕೀದು."

"ಮಂಚದ ವಿಷಯಕ್ಕೆ ಬಾ. ಮಳೆ ಬರತ್ತೆ, ಹೋಟೆಲಲ್ಲಿ ಒಂದೇ ರೂಮು, ರೂಮಲ್ಲಿ ಒಂದೇ ಮಂಚ. ಅಯ್ಯಯ್ಯೋ, ಏನ್ ಮಾಡೋದಪ್ಪಾ ಅಂತ ನಲವತ್ತು ಪುಟ ಒದ್ದಾಟ! ಒಂದು ಮಂಚಕ್ಕೇ ಹಿಂಗಾದ್ರೆ, ನಾವು ಎರಡು ಮಂಚ ಇಟ್ಕೊಂಡು ಪಟ್ಟ ಪಾಡು ಇವರಿಗೇನು ಗೊತ್ತು?"

ಟೈಲರು ನಕ್ಕರು. ಆ ಹುಮ್ಮಸ್ಸಿನಲ್ಲಿ ತಿದ್ದುಪಡಿಯವರು ಬ್ರಹ್ಮಾಸ್ತ್ರ ತೆಗೆದರು.

"ಕೊನೇ ಪುಟ ಕೇಳು. ಇಬ್ಬರೂ ಕೈ ಕೈ ಹಿಡ್ಕೊಂಡು ಬೀದಿಗೆ ಬರ್ತಾರೆ. ಊರಿಗೆ ಊರೇ ಚಪ್ಪಾಳೆ ತಟ್ಟತ್ತೆ! ಎಲ್ಲಾದ್ರೂ ಉಂಟಾ? ಶುದ್ಧ ಸುಳ್ಳು!"

ಮೆಷಿನ್ ನಿಂತಿತು. ಟೈಲರು ಬಾಯಿಂದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೀನು ಹೇಳ್ತೀಯಾ? ನೀನು?"

ಆ 'ನೀನು' ಎಂಬುದಕ್ಕೆ ಒಂದು ಹಿಂದಿನ ಕಥೆಯಿದೆ. ಆ ಕಾಲದಲ್ಲಿ ಇಂಥ ಪುಸ್ತಕ ವರ್ಷಕ್ಕೊಂದು ಸಿಕ್ಕರೆ ಪುಣ್ಯ. ಸಿಕ್ಕಿದ ಸಂಜೆ ಟೈಲರ ಕಾಲು ಮೆಷಿನ್ನಿನ ಮೇಲೆ, ಕಿವಿ ಇವರ ಮೇಲೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಇವರು ಗಟ್ಟಿಯಾಗಿ ಓದುವುದು, ಪುಟಕ್ಕೆರಡು ಸಲ ನಿಲ್ಲಿಸಿ, "ಥೂ! ಇಲ್ಲೊಂದು ಒತ್ತು ನುಂಗಿದಾನೆ!" ಎಂದು ಅಚ್ಚು ಹಾಕಿದವನಿಗೆ ಶಾಪ ಹಾಕುವುದು. ಎಂಥಾ ಸಂಜೆಗಳು ಅವು! ಹೊಸ ಬಟ್ಟೆಯ ವಾಸನೆ, ಹಳೆ ಪುಸ್ತಕದ ವಾಸನೆ, ಹಾಕಿದ ಬಾಗಿಲು. ಇಡೀ ಲೋಕದಲ್ಲಿ ತಮ್ಮಿಬ್ಬರಿಗೇ ಗೊತ್ತಿರುವ ಒಂದು ಸುಖವಿದೆ ಎಂದು ತಿದ್ದುಪಡಿಯವರಿಗೆ ಆಗ ಅನ್ನಿಸುತ್ತಿತ್ತು.

ಆದರೆ ಆ ಕಾಲದ ಪುಸ್ತಕಗಳಿಗೆ ಒಂದು ಕೆಟ್ಟ ಚಾಳಿ. ಕೊನೆಯ ಪುಟ ಬರುವಷ್ಟರಲ್ಲಿ ಇಬ್ಬರಲ್ಲಿ ಒಬ್ಬ ಸಾಯಲೇಬೇಕು: ಜ್ವರ ಬಂದೋ, ಹೊಳೆಗೆ ಬಿದ್ದೋ, ಬೇರೇನೂ ಸಿಗದಿದ್ದರೆ ಸುಮ್ಮನೆ ಕೊರಗಿಯೋ. ಮೊದಲನೆಯ ಪುಸ್ತಕದ ಆ ಜಾಗಕ್ಕೆ ಬಂದಾಗ ತಿದ್ದುಪಡಿಯವರು ತಲೆಯೆತ್ತಿ ನೋಡಿದ್ದರು. ಟೈಲರು ಕತ್ತರಿಯನ್ನು ಕೈಯಲ್ಲೇ ಹಿಡಿದು, ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಆ ಮುಖ ನೋಡಿಕೊಂಡು ಸಾವನ್ನು ಓದಲು ಇವರಿಗೆ ನಾಲಿಗೆ ಏಳಲಿಲ್ಲ. ಇದ್ದಕ್ಕಿದ್ದಂತೆ ನಾಯಕನ ಜ್ವರ ಇಳಿಯಿತು. ಎದ್ದು ಕೂತು ಹಾಲು ಕುಡಿದ. ಇಬ್ಬರೂ ಕೆರೆ ದಂಡೆಯಲ್ಲಿ ಮನೆ ಮಾಡಿದರು, ಊರವರೆಲ್ಲ ಬಂದು ಹರಸಿ ಹೋದರು. ಅಂದಿನಿಂದ ತಿದ್ದುಪಡಿಯವರು ಎಷ್ಟು ಜನರನ್ನು ಬದುಕಿಸಿದರೋ! ಅಂಥ ಕೈಗುಣ ಯಾವ ಡಾಕ್ಟರಿಗೂ ಇರಲಿಲ್ಲ. ಈ ಗುಟ್ಟನ್ನು ಅವರು ಟೈಲರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಅಷ್ಟು ವರ್ಷ ನನಗೆ ಅಂಥದ್ದನ್ನೇ ಓದಿ ಹೇಳಿ, ಈಗ ಸುಳ್ಳು ಅಂತೀಯಲ್ಲ" ಎಂದರು ಟೈಲರು. "ಆಗಲಿ. ಭಾನುವಾರ ನಾನೂ ಬರ್ತೀನಿ, ಮುಂದಿನ ಸಾಲಲ್ಲೇ ಕೂರ್ತೀನಿ. ಯಾರಾದ್ರೂ ಕೇಳಿದ್ರೆ ದೊಡ್ಡಪ್ಪನ ಮಗ ಅನ್ಬೇಡ."

"ಮತ್ತೇನನ್ಲಿ?"

"ಏನಾದ್ರೂ ಅನ್ನು, ಅದೊಂದನ್ನ ಬಿಟ್ಟು. ಇನ್ನು ಅದನ್ನ ಕೇಳಿಸ್ಕೊಳ್ಳೋ ಶಕ್ತಿ ನನಗಿಲ್ಲ. ಅಂದ್ಯೋ, ಹೊರಗಿನ ಮಂಚದ ಮೇಲೆ ನಿಜವಾಗ್ಲೂ ಹೋಗಿ ಮಲಗ್ತೀನಿ."

ಅಂದಿನಿಂದ ತಿದ್ದುಪಡಿಯವರಿಗೆ ಊಟ ಸೇರಲಿಲ್ಲ. ಬೀದಿಗೆ ಗೊತ್ತಾದರೆ ಬಾಡಿಗೆ ಮನೆ ಕೈಬಿಟ್ಟು ಹೋಗುತ್ತದೆ. ಟೈಲರು ಮುನಿದರೆ ಮನೆಯಿದ್ದೂ ಇಲ್ಲದ ಹಾಗೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಟೈಲರು. ಪಕ್ಕದಲ್ಲಿ ಕೆಳಮನೆಯಜ್ಜಿ, ಅಂದರೆ ಮನೆಯ ಮಾಲೀಕರು. ಮೆಟ್ಟಿಲು ಹೊಟ್ಟೆಗೂ ಕಾಫಿಗೂ ಜನ ಬಿದ್ದು ಬಿದ್ದು ನಕ್ಕರು. ನಗು ತಲೆಗೇರಿತು. ಬ್ರಹ್ಮಾಸ್ತ್ರಕ್ಕೆ ಬರುವ ಹೊತ್ತಿಗೆ ತಿದ್ದುಪಡಿಯವರಿಗೆ ಮೈಮೇಲೆ ಎಚ್ಚರವಿರಲಿಲ್ಲ.

"ಊರು ಚಪ್ಪಾಳೆ ತಟ್ಟತ್ತಂತೆ! ನಮ್ಮ ಬೀದೀನೇ ತಗೊಳ್ಳಿ. ಮಾತಿಗೆ, ಇಬ್ಬರು ಗಂಡಸರು ಹೀಗೇ ಇಲ್ಲಿದಾರೆ ಅಂತ ಇಟ್ಕೊಳ್ಳಿ..."

"ಯಾವ ಇಬ್ರು?" ಎಂದರು ಅಜ್ಜಿ. "ನೀವಿಬ್ರೇನಾ?"

ತಿದ್ದುಪಡಿಯವರು ಬಾಯಿ ತೆರೆದರು. ದೊಡ್ಡಪ್ಪ ನಾಲಿಗೆಯ ತುದಿಗೆ ಬಂದು ನಿಂತರು. ಟೈಲರು ಇತ್ತ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತಮ್ಮ ಅಂಗಿಯ ತೋಳನ್ನು ನೇವರಿಸುತ್ತಿದ್ದರು. ಕೊನೆಯ ಪುಟಕ್ಕೆ ಕಾಯುವಾಗಿನ ಅದೇ ಮುಖ. ತಿದ್ದುಪಡಿಯವರು ದೊಡ್ಡಪ್ಪನನ್ನು ಹಾಗೇ ನುಂಗಿಕೊಂಡರು.

"ಹೌದು. ನಾವಿಬ್ರೇ" ಎಂದು, ಆಕಾಶ ಕಳಚಿ ಬೀಳಲೆಂದು ಕಣ್ಣು ಮುಚ್ಚಿ ನಿಂತರು.

ಬೀಳಲಿಲ್ಲ.

"ಸರಿ, ಮುಂದೆ ಹೇಳಿ" ಎಂದರು ಲೈಬ್ರರಿಯಮ್ಮ. "ಟೀ ಆರ್ತಾ ಇದೆ."

"ನಿಮಗೆ... ಮೊದ್ಲೇ ಗೊತ್ತಿತ್ತಾ?"

"ನಿಮ್ಮ ನೆಲ ನಮ್ಮ ಸೂರಲ್ವೇನಪ್ಪಾ?" ಎಂದರು ಅಜ್ಜಿ. "ನೀನು ಮೇಲೆ ಓದ್ತಿದ್ರೆ ನಾನು ಕೆಳಗೆ ಕುರ್ಚಿ ಹಾಕ್ಕೊಂಡು ಕೇಳ್ತಿದ್ದೆ. ಆ ಜ್ವರದ ಹುಡುಗನ ಕಥೆ ಎಷ್ಟು ಚೆನ್ನಾಗಿತ್ತು! ಇನ್ನೊಂದ್ಸಲ ಓದೋಣ ಅಂತ ತಂದ್ರೆ, ಸತ್ತೇ ಹೋಗಿದಾನೆ! ತಪ್ಪು ಪುಸ್ತಕ ಕೊಟ್ಟಿದೀಯಾ ಅಂತ ಈ ಲೈಬ್ರರಿಯಮ್ಮನ ಹತ್ರ ಜಗಳಾನೇ ಆಡಿದ್ದೆ."

"ಆಮೇಲಿಂದ ನಾನೇ ಎಲ್ರಿಗೂ ಹೇಳ್ತಿದ್ದೆ, ಕೊನೇ ಪುಟ ಓದ್ಬೇಡಿ, ಅಜ್ಜೀನ ಕೇಳಿ ಅಂತ" ಎಂದರು ಲೈಬ್ರರಿಯಮ್ಮ.

ಸಭೆಗೆ ಸಭೆಯೇ ತಲೆಯಾಡಿಸಿತು. ತಿದ್ದುಪಡಿಯವರ ಪಾಲಿಗೆ ಉಳಿದದ್ದು ಒಂದೇ ಹುಲ್ಲುಕಡ್ಡಿ. "ಆದ್ರೂ ಯಾರೂ ಚಪ್ಪಾಳೆ ತಟ್ಟಲಿಲ್ಲ ನೋಡಿ! ನನ್ನ ಮಾತೇ ಸರಿ!"

"ತಟ್ಟೋದೇನಿದೆ?" ಎಂದರು ಅಜ್ಜಿ. "ನಾನೂ ನಮ್ಮೆಜಮಾನರೂ ಅಷ್ಟು ವರ್ಷ ಬಾಳಿದ್ವಿ, ಯಾರಾದ್ರೂ ತಟ್ಟಿದ್ರಾ? ಅದಿರ್ಲಿ, ಆ ದಂಡಕ್ಕಿಟ್ಟಿರೋ ಮಂಚ ಇವತ್ತೇ ಕೆಳಗೆ ಕಳಿಸಪ್ಪಾ. ಮೊಮ್ಮಗಳು ಬರ್ತಾಳೆ."

ಮಂಚ ಕೆಳಗಿಳಿಯಿತು. ತಿದ್ದುಪಡಿಯವರಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ತಾವಿಬ್ಬರೇ ಎಂದುಕೊಂಡಿದ್ದ ಆ ಸಂಜೆಗಳಲ್ಲಿ ಕೆಳಗೊಂದು ಕುರ್ಚಿಯೂ ಇತ್ತಂತೆ!

"ಕೊನೇ ಪುಟದ ವಿಷಯ... ನಿನಗೂ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದರು.

"ಮೊದಲನೇ ಪುಸ್ತಕದಲ್ಲೇ" ಎಂದರು ಟೈಲರು. "ಪುಟಕ್ಕೆರಡು ತಪ್ಪು ಹಿಡಿಯೋನಿಗೆ ಕೊನೇ ಪುಟದಲ್ಲಿ ಒಂದೂ ಸಿಗಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನ ಓದ್ತಿದಾನೆ ಅಂತ ಆಗ್ಲೇ ತಿಳೀತು."

"ಮತ್ತೆ ಬಾಯಿ ಬಿಡಲಿಲ್ಲ?"

"ಯಾಕೆ ಬಿಡ್ಲಿ? ನನಗೋಸ್ಕರ ಅಷ್ಟು ಜನಾನ ಬದುಕಿಸ್ತಿದ್ದೆ."

ತಿದ್ದುಪಡಿಯವರಿಗೆ ಅಳು ಬಂತು. ಅದನ್ನು ಸಿಟ್ಟೆಂದು ತೋರಿಸಲು ದಡದಡನೆ ಹೊರಕೋಣೆಗೆ ಹೋದರು, ಮುನಿಸಿಕೊಂಡು ಮಲಗಲು. ಮಂಚವೆಲ್ಲಿದೆ? ಬರೀ ನೆಲದ ಮೇಲೆ ಬೆಕ್ಕು ಕೂತು ಅವರನ್ನೇ ಗುರಾಯಿಸುತ್ತಿತ್ತು. ಒಂದೇ ಮನೆ, ಒಂದೇ ಮಂಚ. ಕಾದಂಬರಿಯವರು ಸೇಡು ತೀರಿಸಿಕೊಂಡಿದ್ದರು.

ತೆಪ್ಪಗೆ ವಾಪಸು ಬಂದರು. ಟೈಲರು ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದಿಟ್ಟು, "ಓದು" ಎಂದರು.

ಹೊಸ ಕಾದಂಬರಿಯ ಕೊನೆಯ ಪುಟ ಉಳಿದಿತ್ತು. ಇಬ್ಬರೂ ಕೈ ಹಿಡಿದು ಬೀದಿಗೆ ಬಂದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮೆಷಿನ್ ನಿಂತಿತ್ತು. ತಿದ್ದುಪಡಿಯವರು ಇದ್ದಕ್ಕಿದ್ದಂತೆ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರು.

"ಥೂ! ಇಲ್ಲೊಂದು ಒತ್ತು ನುಂಗಿದಾನೆ!"

ಟೈಲರ ಕೈಯಲ್ಲಿದ್ದ ಬಟ್ಟೆ ಜಾರಿತು. "ಹಾಗಾದ್ರೆ... ನಿಜವಾಗ್ಲೂ ಅಚ್ಚಾಗಿದೆಯಾ?"

"ಅಚ್ಚಾಗಿದೆ ಕಣೋ" ಎಂದರು ತಿದ್ದುಪಡಿಯವರು, ಕನ್ನಡಕ ಒರೆಸಿಕೊಳ್ಳುತ್ತ. "ತಪ್ಪು ಸಮೇತ."

ಕೆಳಗಿನಿಂದ, ನೆಲದ ಅಡಿಯಿಂದ, ಚಪ್ಪಾಳೆ ಕೇಳಿಸಿತು.

"ಸೊಳ್ಳೆ ಹೊಡೀತಿರ್ಬೇಕು ಅಜ್ಜಿ" ಎಂದರು ತಿದ್ದುಪಡಿಯವರು.