ಬಂಡೆ ಹತ್ತುವ ಮುನ್ನ ಹಗ್ಗ ಹಿಡಿದವರು ತಾಳಬೇಕಾದ ಸಮಾಧಾನದ ಬಗ್ಗೆ

ಇಲಾಖಾ ಸಿಬ್ಬಂದಿ ಕ್ರೀಡಾ ಮಂಡಳಿ
ಬಂಡೆ ಏರುವ ಉಪಸಮಿತಿ, ಹೆಬ್ಬಾಳ, ಬೆಂಗಳೂರು

ಸಂಖ್ಯೆ: ಸಿಕ್ರೀಮಂ/ಬಂಡೆ/ಧೈರ್ಯ/೪/೮೨-೮೩
ದಿನಾಂಕ: ೨೨-೧೨-೧೯೮೨

ಸುತ್ತೋಲೆ

ವಿಷಯ: ಕಠಿಣ ಬಂಡೆ ಏರುವ ಮುನ್ನ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳುವುದು – ಇದರ ಅಗತ್ಯ ಹತ್ತುವವರಿಗಿಂತ ಹತ್ತಿಸುವವರಿಗೇ ಹೆಚ್ಚೆಂದು ಕಂಡುಬಂದಿರುವುದು – ಕುರಿತು.

ಉಲ್ಲೇಖ: (೧) ಈ ಕಚೇರಿಯ ‘ಧೈರ್ಯ ಸೂಚನೆಗಳು’, ಹದಿನಾಲ್ಕು ಅಂಶ, ದಿನಾಂಕ ೧೫-೧೧-೧೯೮೨.
(೨) ಈ ಕಚೇರಿಯ ವರದಿ, ದಿನಾಂಕ ೬-೧೨-೧೯೮೨.
(೩) ಜವಾನ ಶ್ರೀ ಸೊಣ್ಣಪ್ಪನವರ ಹೇಳಿಕೆ, ದಿನಾಂಕ ೨೦-೧೨-೧೯೮೨.

ರಾಜಾನುಕುಂಟೆಯಾಚೆ ಇರುವ ಕಪ್ಪೆಗುಂಡು ಎಂಬ ಬಂಡೆಯ ಬಳಿ ಕಳೆದ ಮೂರು ಪ್ರಯತ್ನಗಳಲ್ಲಿ ನಡೆದ ಸಂಗತಿಯ ಬಗ್ಗೆ ಕ್ಯಾಂಟೀನಿನಲ್ಲಿ ಬಗೆಬಗೆಯ ಮಾತು ಹಬ್ಬಿರುವುದು ಗಮನಕ್ಕೆ ಬಂದಿದೆ. ಆದಕಾರಣ ನಡೆದದ್ದನ್ನು ನಡೆದಂತೆ ದಾಖಲಿಸಿ, ಅದರಿಂದ ಹೊರಟ ನಿಯಮಗಳನ್ನು ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸಲಾಗಿದೆ.

೧. ಪ್ರಕರಣದಲ್ಲಿ ಬರುವವರು: ಬೆರಳಚ್ಚುಗಾರ್ತಿ ಕುಮಾರಿ ತುಂಗಾ, ಹತ್ತುವವರು. ಕಚೇರಿ ಅಧೀಕ್ಷಕ ಶ್ರೀ ಶೇಷಗಿರಿ, ಉಪಸಮಿತಿಯ ಸಂಚಾಲಕರು ಹಾಗೂ ಕಚೇರಿಯಲ್ಲೇ ಹೆಚ್ಚು ತೂಕದವರಾದ ಕಾರಣ ಹಗ್ಗ ಹಿಡಿಯಲು ನೇಮಕಗೊಂಡವರು. ಈ ಸುತ್ತೋಲೆಗೆ ಸಹಿ ಹಾಕುವವರೂ ಇವರೇ ಆಗಿದ್ದು, ಪದ್ಧತಿಯಂತೆ ತಮ್ಮನ್ನು ಬೇರೆ ಯಾರೋ ಎಂಬಂತೆ ಉಲ್ಲೇಖಿಸಿಕೊಂಡಿರುತ್ತಾರೆ.

೨. ಹಿಮಾಲಯದ ತಪ್ಪಲಿನಲ್ಲಿ ನಡೆಯುವ ಇಪ್ಪತ್ತೆಂಟು ದಿನಗಳ ತರಬೇತಿಗೆ ಇಲಾಖೆಯಿಂದ ಒಬ್ಬರನ್ನು ಕಳಿಸಲು ಅವಕಾಶವಿದ್ದು, ವೀಕ್ಷಕರ ಎದುರು ಕಪ್ಪೆಗುಂಡನ್ನು ಹತ್ತಿದವರು ಮಾತ್ರ ಅರ್ಹರು. ಗರಿಷ್ಠ ಮೂರು ಪ್ರಯತ್ನ. ವಯೋಮಿತಿ ಮೂವತ್ತು. ಕುಮಾರಿ ತುಂಗಾ ಅವರಿಗೆ ಬರುವ ಮಾರ್ಚಿಗೆ ಮೂವತ್ತು ತುಂಬುತ್ತದೆ. ಅಂದರೆ, ಈ ವರ್ಷ ಇಲ್ಲವೆಂದರೆ ಇಲ್ಲ.

೩. ಮೊದಲ ಪ್ರಯತ್ನದ ಹಿಂದಿನ ದಿನ ಶೇಷಗಿರಿಯವರು ಯಶವಂತಪುರಕ್ಕೆ ಖುದ್ದಾಗಿ ಹೋಗಿ, ತುಂಗಾ ಅವರ ತಾಯಿ ಶ್ರೀಮತಿ ಅಲಮೇಲು ಅವರ ಅನುಮತಿ ಕೋರಿರುತ್ತಾರೆ. ಸದರಿಯವರು, “ಅವಳು ನನ್ ಮಾತು ಕೇಳೋಳಲ್ಲ. ನೀವು ಹಗ್ಗ ಹಿಡೀತೀರಿ ಅಂತ ಹೇಳಿದ್ಳು. ನಿಮ್ ಮೇಲೆ ಭಾರ ಹಾಕಿ ಕಳಿಸ್ತಿದೀನಿ ಕಣ್ರೀ” ಎಂದರು. ಶೇಷಗಿರಿಯವರು, “ಹೇಗೆ ಕರ್ಕೊಂಡ್ ಹೋಗ್ತೀನೋ ಹಾಗೇ ತಂದ್ ಬಿಡ್ತೀನಿ” ಎಂದು ಬಾಯಿಮಾತಿನಲ್ಲಿ ಭರವಸೆ ಕೊಟ್ಟರು. ಆ ರಾತ್ರಿಯಿಂದ ಅವರಿಗೆ ನಿದ್ರೆ ಬಂದಿರುವುದಿಲ್ಲ. ಇದು ಆಗ ಯಾವ ಕಡತದಲ್ಲೂ ನಮೂದಾಗಲಿಲ್ಲ.

೪. ದಿನಾಂಕ ೨೧-೧೧-೧೯೮೨ರ ಭಾನುವಾರ ಮೊದಲ ಪ್ರಯತ್ನ. ಬಂಡೆಯ ಬುಡದಲ್ಲಿ ಕುಮಾರಿ ತುಂಗಾ ಜಡೆಯನ್ನು ಸುತ್ತಿ ಕಟ್ಟಿಕೊಂಡು, ಕಣ್ಣುಮುಚ್ಚಿ, ಬಿಸಿ ಕಾಫಿ ಊದುವಂತೆ ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಕುಳಿತಿದ್ದರು. ಅದನ್ನು ತಲೆಸುತ್ತೆಂದು ಭಾವಿಸಿದ ಶೇಷಗಿರಿಯವರು ಅವರನ್ನು ಎಬ್ಬಿಸಿ ನಿಲ್ಲಿಸಿ, ಉಲ್ಲೇಖ (೧)ರ ಹದಿನಾಲ್ಕು ಅಂಶಗಳನ್ನು ಗಟ್ಟಿಯಾಗಿ ಓದಿ ಹೇಳಿದರು. “ಮೂಳೆ ಮುರಿತದ ಬಗ್ಗೆ ಯೋಚಿಸತಕ್ಕದ್ದಲ್ಲ” ಎಂಬ ಏಳನೆಯ ಅಂಶದವರೆಗೂ ಅಭ್ಯರ್ಥಿ ಮೂಳೆ ಮುರಿತದ ಬಗ್ಗೆ ಯೋಚಿಸಿರಲಿಲ್ಲ. ಒಂಬತ್ತನೆಯ ಅಂಶಕ್ಕೆ ಅವರು ಹತ್ತಿರದ ಮೂಳೆ ವೈದ್ಯರು ಎಲ್ಲಿದ್ದಾರೆಂದು ವಿಚಾರಿಸಿದರು. ಆದ್ದರಿಂದ:

(ಅ) ಕಣ್ಣುಮುಚ್ಚಿ ಕುಳಿತವರನ್ನು ಧೈರ್ಯ ಹೇಳುವ ಸಲುವಾಗಿ ಎಬ್ಬಿಸತಕ್ಕದ್ದಲ್ಲ.
(ಆ) “ಹೆದರ್ಕೋಬೇಡಿ” ಎಂಬ ಪದವನ್ನು ಒಬ್ಬ ಸಿಬ್ಬಂದಿ ಒಂದು ಪ್ರಯತ್ನಕ್ಕೆ ಒಂದು ಬಾರಿ ಮಾತ್ರ ಬಳಸಬಹುದು. ಬಳಸದೆ ಉಳಿದದ್ದನ್ನು ಮುಂದಿನ ಭಾನುವಾರಕ್ಕೆ ವರ್ಗಾಯಿಸಲು ಅವಕಾಶವಿಲ್ಲ.
(ಇ) “ಜೋಕೆ, ಬೀಳ್ತೀರಿ” ಎಂಬುದು ಪ್ರೋತ್ಸಾಹದ ಮಾತೆಂದು ಪರಿಗಣಿಸಲ್ಪಡುವುದಿಲ್ಲ. ಲೆಕ್ಕಪತ್ರ ವಿಭಾಗದವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.
(ಈ) ಕಳೆದ ವರ್ಷ ಬೇರೆ ಇಲಾಖೆಯವರೊಬ್ಬರು ಬಿದ್ದ ಕಥೆಯನ್ನು ಬಂಡೆಯಿಂದ ಅರ್ಧ ಮೈಲಿಯೊಳಗೆ ಹೇಳತಕ್ಕದ್ದಲ್ಲ. ಬಿದ್ದವರೇ ಬಂದಿದ್ದರೂ ಈ ನಿಯಮ ಅನ್ವಯಿಸುತ್ತದೆ.

೫. ಹಗ್ಗದ ವ್ಯವಸ್ಥೆ ತಿಳಿಯದವರ ಮಾಹಿತಿಗಾಗಿ: ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗವು ಬಂಡೆಗೆ ಬಡಿದ ಮೊಳೆಗಳ ಕೊಂಡಿಗಳಲ್ಲಿ ಹಾದು ಕೆಳಗೆ ನಿಂತವರ ಸೊಂಟ ಸುತ್ತಿ ಅವರ ಕೈಗೆ ಬರುತ್ತದೆ. ಮೇಲಿನವರು ಏರಿದಂತೆಲ್ಲ ಕೆಳಗಿನವರು ಹಗ್ಗವನ್ನು ಸಡಿಲಿಸುತ್ತ ಹೋಗಬೇಕು. ಜಾರಿದರೆ ಮಾತ್ರ ಬಿಗಿಹಿಡಿಯಬೇಕು. ಈ ಎರಡು ಕರ್ತವ್ಯಗಳಲ್ಲಿ ಎರಡನೆಯದನ್ನು ಮಾತ್ರ ಶೇಷಗಿರಿಯವರು ಮೊದಲಿನಿಂದ ಕೊನೆಯವರೆಗೂ ನಿಷ್ಠೆಯಿಂದ ನಿರ್ವಹಿಸಿರುತ್ತಾರೆ.

೬. ಮೂವತ್ತು ಅಡಿ ಎತ್ತರದಲ್ಲಿ ಬಂಡೆ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿದೆ. ಅಲ್ಲಿ ಒಂದು ಕೈಯಲ್ಲಿ ಮೈಭಾರ ಹೊತ್ತು ಇನ್ನೊಂದು ಕೈಯನ್ನು ಮೇಲಕ್ಕೆ ಚಾಚಿದರೆ ಮಾತ್ರ ಮುಂದಿನ ಹಿಡಿ ಸಿಗುತ್ತದೆ. ಮೊದಲ ಪ್ರಯತ್ನದಲ್ಲೂ ದಿನಾಂಕ ೫-೧೨-೧೯೮೨ರ ಎರಡನೆಯ ಪ್ರಯತ್ನದಲ್ಲೂ ಕುಮಾರಿ ತುಂಗಾ ಅಲ್ಲಿಂದಲೇ ಜಾರಿ, ಹಗ್ಗದಲ್ಲಿ ನೇತಾಡಿ, ನೆಲಕ್ಕಿಳಿಸಲ್ಪಟ್ಟರು. ಎರಡನೆಯ ಬಾರಿಯ ಬಗ್ಗೆ, ಸ್ಥಳದಲ್ಲಿದ್ದ ಜವಾನ ಸೊಣ್ಣಪ್ಪನವರ ಹೇಳಿಕೆಯನ್ನು ಇದ್ದಂತೆಯೇ ಕೊಡಲಾಗಿದೆ:

“ಸಾಹೇಬ್ರು ಅಗ್ಗನ ಇಂಗೆ ಎದೆಗಪ್ಕೊಂಡು ಕಣ್ಮುಚ್ಕೊಂಡು ನಿಂತಿದ್ರು. ಮ್ಯಾಲಿಂದ ಅಮ್ಮಾವ್ರು ‘ಅಗ್ಗ ಬಿಡಿ, ಅಗ್ಗ ಬಿಡಿ’ ಅಂತ ಕೂಗ್ತಾವ್ರೆ. ಅವ್ರು ಬಿಡಿ ಅಂದಂಗೆಲ್ಲಾ ಇವ್ರು ಇಂದಕ್ ಇಂದಕ್ ಎಳೀತಾವ್ರೆ. ಅಮ್ಮಾವ್ರು ಬಿದ್ದಿದ್ದಲ್ಲ ಸಾಮಿ, ಎಳ್ದು ಬೀಳ್ಸಿದ್ದು. ಯಾಕ್ ಆಗ್ಲೇ ಏಳ್ಲಿಲ್ಲ ಅಂದ್ರೆ, ದೊಡ್ಡೋರ್ಗೆ ನಾನೆಂಗ್ ಏಳ್ಲಿ?”

ಆದ್ದರಿಂದ ಇನ್ನು ಮುಂದೆ ಬಂಡೆಯ ಬುಡದಲ್ಲಿ ದರ್ಜೆಯ ಭೇದವಿಲ್ಲದೆ ಯಾರು ಬೇಕಾದರೂ ಯಾರಿಗೆ ಬೇಕಾದರೂ “ಕಣ್ ಬಿಡಿ” ಎಂದು ಹೇಳಬಹುದು. ಇದನ್ನು ಕಚೇರಿಯ ಒಳಗೆ ಬಳಸತಕ್ಕದ್ದಲ್ಲ.

೭. ಮರುದಿನ, ಅಂದರೆ ದಿನಾಂಕ ೬-೧೨-೧೯೮೨ರಂದು, ಶೇಷಗಿರಿಯವರು “ಅಭ್ಯರ್ಥಿಗೆ ಮನೋಸ್ಥೈರ್ಯ ಸಾಲದು” ಎಂದು ವರದಿ ಸಿದ್ಧಪಡಿಸಿದರು. ಹಾಗೆ ಬರೆಯುವಾಗ ಅವರು ಅದನ್ನು ನಂಬಿದ್ದರು. ಮೇಲೆ ನೋಡುವ ಬದಲು ಕಣ್ಣು ಮುಚ್ಚಿಕೊಂಡವರಿಗೆ ಹಾಗನ್ನಿಸುವುದು ಸಹಜವೆಂದು ಈಗ ತೋರುತ್ತದೆ. ಕಚೇರಿಯಲ್ಲಿ ಇರುವುದು ಒಬ್ಬರೇ ಬೆರಳಚ್ಚುಗಾರ್ತಿ. ಆದ್ದರಿಂದ ವರದಿಯನ್ನು ಮೂರು ಕಾರ್ಬನ್ ಪ್ರತಿಗಳೊಂದಿಗೆ ಕುಮಾರಿ ತುಂಗಾ ಅವರೇ ಬೆರಳಚ್ಚು ಮಾಡಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಮೇಜಿನ ಮೇಲಿಟ್ಟು, “ಸಹಿ ಹಾಕಿ ಸರ್” ಎಂದಷ್ಟೇ ಹೇಳಿ ಹೋದರು. ಮಧ್ಯಾಹ್ನ ಅವರು ಊಟದ ಡಬ್ಬಿಯನ್ನು ತೆರೆಯಲೇ ಇಲ್ಲವೆಂದು ತಿಳಿದುಬಂದಿದೆ. ಶೇಷಗಿರಿಯವರು ಸಹಿ ಹಾಕಿದರು.

೮. ದಿನಾಂಕ ೧೯-೧೨-೧೯೮೨, ಮೂರನೆಯ ಹಾಗೂ ಕೊನೆಯ ಪ್ರಯತ್ನ. ಜೀಪು ಅಲ್ಲಾಳಸಂದ್ರದ ಕೆರೆ ದಾಟಿ ಯಲಹಂಕದಲ್ಲಿ ಕಾಫಿಗೆ ನಿಂತು ರಾಜಾನುಕುಂಟೆ ತಲುಪಿತು. ಬಂಡೆಯ ಬುಡದಲ್ಲಿ ಶೇಷಗಿರಿಯವರು ರೂಢಿಯಂತೆ ಜೇಬಿನಿಂದ ಹದಿನಾಲ್ಕು ಅಂಶಗಳ ಹಾಳೆ ತೆಗೆದರು. ಹಾಳೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲವೆಂದು ವೀಕ್ಷಕ ಶ್ರೀ ತ್ರಿವಿಕ್ರಮ ಅವರು ಷರಾ ಬರೆದಿದ್ದಾರೆ. ಕುಮಾರಿ ತುಂಗಾ ಹಾಳೆಯನ್ನೂ ಆ ಕೈಯನ್ನೂ ನೋಡಿ, “ಸರ್, ಇವತ್ತು ನಾನು ಓದ್ತೀನಿ, ನೀವ್ ಕೇಳಿ” ಎಂದು ಹಾಳೆ ಇಸಿದುಕೊಂಡರು.

“ಅಂಶ ಒಂದು. ಕೆಳಗೆ ನೋಡ್ಬಾರ್ದು.”

“ನಾನು ಕೆಳಗೇ ಇದೀನಲ್ಲಮ್ಮಾ.”

“ಹಾಗಾದ್ರೆ ಕೂತ್ಕೊಳ್ಳಿ. ನಿಮ್ಗೆ ಭಯ ಆಗ್ತಿದೆ ಅಲ್ವಾ ಸರ್?”

ಅಧೀಕ್ಷಕರು ಕಲ್ಲಿನ ಮೇಲೆ ಕುಳಿತರು. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಅವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರಿಸಲು ನಮೂನೆಯೂ ಇರಲಿಲ್ಲ.

“ಆಗ್ತಿದೆ ಕಣಮ್ಮಾ. ನಿಮ್ಮಮ್ಮಂಗೆ ಮಾತು ಕೊಟ್ಬಿಟ್ಟಿದೀನಿ. ನೀನು ಹಗ್ಗ ಬಿಡಿ ಅಂದ್ರೆ, ನಿನ್ನೇ ಬಿಟ್ಬಿಡು ಅಂದ ಹಾಗೆ ಕೇಳ್ಸುತ್ತೆ. ಕೈ ತಾನಾಗೇ ಎಳ್ದುಬಿಡುತ್ತೆ.”

ಕುಮಾರಿ ತುಂಗಾ ಹಾಳೆಯನ್ನು ನಾಲ್ಕಾಗಿ ಮಡಚಿದರು. ಅವರಿಗೆ ಸಿಟ್ಟು ಬಂದಿತ್ತೆಂದು ಸೊಣ್ಣಪ್ಪನವರೂ, ನಗು ಬಂದಿತ್ತೆಂದು ವೀಕ್ಷಕರೂ ಹೇಳುತ್ತಾರೆ. ಎರಡೂ ಇದ್ದಿರಬಹುದು.

“ಅದನ್ನ ವರದೀಲಿ ಬರೀಬಹುದಿತ್ತಲ್ಲ ಸರ್,” ಎಂದರು. ಆಮೇಲೆ, “ಭಯ ನಂಗೂ ಇದೆ. ಆ ಹೊಟ್ಟೆ ಹತ್ರ ಹೋದಾಗ ಬಾಯೆಲ್ಲಾ ಒಣಗುತ್ತೆ. ಇದ್ರೆ ಇರ್ಲಿ ಬಿಡಿ. ನಾನು ಇನ್ಮೇಲೆ ‘ಬಿಡಿ’ ಅನ್ನಲ್ಲ, ‘ಕೊಡಿ’ ಅಂತೀನಿ. ಹಗ್ಗ ಕೊಡೋಕೆ ಆಗುತ್ತೆ ತಾನೆ?”

“ಕೊಡೋದಾದ್ರೆ ಕೊಡ್ತೀನಮ್ಮಾ.”

“ಈಗ ಬಿಸಿ ಕಾಫಿ ಊದೋ ಹಾಗೆ ಉಸಿರು ಬಿಡಿ. ನಿಧಾನ. ನನ್ ಜೊತೆ.”

ಇಬ್ಬರೂ ಎದುರುಬದುರು ಕುಳಿತು ಹತ್ತು ಬಾರಿ ಊದಿದರು. ಶೇಷಗಿರಿಯವರ ಬೆರಳು ನಿಂತವು. ಊದಿಸುತ್ತ ಊದಿಸುತ್ತ ತಮ್ಮ ಭಯವೂ ಎಲ್ಲಿ ಹೋಯಿತೋ ತಿಳಿಯಲಿಲ್ಲವೆಂದು ಕುಮಾರಿ ತುಂಗಾ ನಂತರ ತಿಳಿಸಿದ್ದಾರೆ. ಆದ್ದರಿಂದ:

(ಅ) ‘ಹಗ್ಗ ಬಿಡಿ’ ಎಂಬ ಪದಪ್ರಯೋಗವನ್ನು ತಕ್ಷಣದಿಂದ ರದ್ದುಪಡಿಸಿ, ಎಲ್ಲೆಡೆ ‘ಹಗ್ಗ ಕೊಡಿ’ ಎಂದು ಓದಿಕೊಳ್ಳತಕ್ಕದ್ದು.
(ಆ) ಹಗ್ಗ ಹಿಡಿಯುವವರು ಪ್ರಯತ್ನಕ್ಕೆ ಮುನ್ನ ಹತ್ತು ಉಸಿರು ಊದತಕ್ಕದ್ದು. ಕಾಫಿ ಇಲ್ಲದೆ ಊದಲಾಗದೆಂಬ ಮನವಿಗಳನ್ನು ಸ್ವೀಕರಿಸಲಾಗುವುದಿಲ್ಲ.
(ಇ) ಭಯವಾಗುತ್ತಿರುವವರು ಹಾಗೆಂದು ಬಾಯಿಬಿಟ್ಟು ಹೇಳಬಹುದು. ಅದನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸುವುದಿಲ್ಲ. ಗೆಜೆಟೆಡ್ ಅಧಿಕಾರಿಗಳಿಗೂ ಭಯವಾಗಬಹುದೆಂದು ತಾತ್ವಿಕವಾಗಿ ಒಪ್ಪಲಾಗಿದ್ದು, ಆದೇಶ ಪ್ರತ್ಯೇಕವಾಗಿ ಹೊರಡಲಿದೆ.

೯. ಕುಮಾರಿ ತುಂಗಾ ಹತ್ತತೊಡಗಿದರು. ಉಬ್ಬಿನ ಕೆಳಗೆ ನಿಂತು, “ಕೊಡಿ ಸರ್” ಎಂದರು. ಶೇಷಗಿರಿಯವರು ಎರಡು ಮೊಳ ಕೊಟ್ಟರು. “ಇನ್ನೂ ಕೊಡಿ.” ಕೊಟ್ಟರು. ಕಣ್ಣು ತೆರೆದೇ ಇತ್ತು. ತುಂಗಾ ಅವರ ಕೈ ಮೇಲಕ್ಕೆ ಹೋಯಿತು, ಹಿಡಿ ಸಿಕ್ಕಿತು, ಕಾಲು ಮೇಲಕ್ಕೆ ಬಂತು, ಮತ್ತು ಕಾಲಿನ ಕೆಳಗಿದ್ದ ಕಲ್ಲಿನ ಚಕ್ಕೆ ಕಳಚಿತು.

ಅವರು ಎಂಟು ಅಡಿ ಬಿದ್ದರು. ತಿಂಗಳಿಡೀ ಶೇಷಗಿರಿಯವರು ಕಣ್ಣುಮುಚ್ಚಿದಾಗಲೆಲ್ಲ ಕಾಣುತ್ತಿದ್ದುದು ಇದೇ. ಹಗ್ಗ ಸೊಂಟವನ್ನು ಕಚ್ಚಿತು, ಅಂಗೈ ಉರಿಯಿತು, ತೊಂಬತ್ತೊಂದು ಕಿಲೋ ತೂಕದ ಅಧೀಕ್ಷಕರು ಒಂದು ಹೆಜ್ಜೆ ಮುಂದಕ್ಕೆ ಜಗ್ಗಿ ನಿಂತರು. ಹಗ್ಗವೂ ನಿಂತಿತು. ತುಂಗಾ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದರು.

“ಸರ್, ಇದೀರಾ?” ಎಂದು ಮೇಲಿನಿಂದ ಕೇಳಿದರು.

“ಇದೀನಮ್ಮಾ. ಹಿಡ್ಕೊಂಡಿದೀನಿ.”

ಹಾಗೆ ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ಗೊತ್ತಾಯಿತು. ಬಿದ್ದರೆ ಏನಾಗುತ್ತದೆಂದು ತಿಂಗಳಿನಿಂದ ಯೋಚಿಸಿದ್ದವರಿಗೆ, ಬಿದ್ದರೆ ತಾವು ಹಿಡಿಯುತ್ತೇವೆಂಬುದು ಮಾತ್ರ ಹೊಳೆದಿರಲಿಲ್ಲ.

೧೦. ಬಿದ್ದುದರಿಂದ ಪ್ರಯತ್ನ ಮುಗಿಯಿತೇ ಎಂಬ ಪ್ರಶ್ನೆ ಎದ್ದಿತು. ವೀಕ್ಷಕರು ನಿಯಮಾವಳಿ ತಿರುವಿದರು. ಅಷ್ಟು ಹೊತ್ತೂ ಅಭ್ಯರ್ಥಿ ನೇತಾಡುತ್ತಿದ್ದರು. ಕೊನೆಗೆ, “ನೆಲ ಮುಟ್ಟಿಲ್ಲವಾದ್ದರಿಂದ ಕಡತ ಮುಚ್ಚಿದಂತಾಗುವುದಿಲ್ಲ” ಎಂದು ತೀರ್ಮಾನವಾಯಿತು. ಇನ್ನು ಮುಂದೆ ಇಂಥ ತೀರ್ಮಾನಗಳನ್ನು ಅಭ್ಯರ್ಥಿ ನೆಲದ ಮೇಲಿರುವಾಗಲೇ ಮಾಡಿಟ್ಟುಕೊಳ್ಳತಕ್ಕದ್ದು.

೧೧. ಕುಮಾರಿ ತುಂಗಾ ಬಂಡೆಗೆ ಕಾಲು ತಾಗಿಸಿ, ಹತ್ತು ಉಸಿರು ಊದಿ, ಮತ್ತೆ ಉಬ್ಬಿನ ಬಳಿಗೇರಿ, “ಕೊಡಿ” ಎಂದರು. ಅವರು ಕೇಳುವ ಮೊದಲೇ ಶೇಷಗಿರಿಯವರು ಕೊಟ್ಟಿದ್ದರು. ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ತುಂಗಾ ಅವರು ಕಪ್ಪೆಗುಂಡಿನ ನೆತ್ತಿಯ ಮೇಲೆ ನಿಂತು ಕೈಬೀಸಿದರು. ಕೆಳಗೆ ಅಧೀಕ್ಷಕರು ಕರವಸ್ತ್ರ ತೆಗೆದರು. ಕಣ್ಣಿಗೆ ಕಲ್ಲಿನ ಪುಡಿ ಬಿದ್ದಿತೆಂಬ ಅವರ ವಿವರಣೆಯನ್ನು ಸ್ವೀಕರಿಸಲಾಗಿದೆ. ಎರಡೂ ಕಣ್ಣಿಗೆ ಏಕಕಾಲಕ್ಕೆ ಹೇಗೆ ಬಿದ್ದಿತೆಂಬ ಬಗ್ಗೆ ವಿಚಾರಣೆ ಅಗತ್ಯವಿಲ್ಲ.

೧೨. ಉಲ್ಲೇಖ (೨)ರ ವರದಿಯಲ್ಲಿನ “ಅಭ್ಯರ್ಥಿಗೆ” ಎಂಬ ಪದವನ್ನು ಹೊಡೆದುಹಾಕಿ “ಹಗ್ಗ ಹಿಡಿದವರಿಗೆ” ಎಂದು ತಿದ್ದಲಾಗಿದೆ. ತಿದ್ದುಪಡಿಯನ್ನೂ ಈ ಸುತ್ತೋಲೆಯನ್ನೂ ಶೇಷಗಿರಿಯವರು ಕಚೇರಿ ವೇಳೆಯ ನಂತರ ಎರಡೇ ಬೆರಳಿನಲ್ಲಿ ತಾವೇ ಬೆರಳಚ್ಚು ಮಾಡಿರುತ್ತಾರೆ. ತಪ್ಪುಗಳಿದ್ದಲ್ಲಿ ಅವು ಅವರವೇ. ಮಂಗಳವಾರ ಕುಮಾರಿ ತುಂಗಾ ಅವರ ಮೇಜಿನ ಬಳಿ ನಿಂತು ಅವರು ಬಾಯಿಮಾತಿನಲ್ಲಿ ಕ್ಷಮೆ ಕೋರಿದ್ದು, “ಆಯ್ತು ಬಿಡಿ ಸರ್” ಎಂಬ ಉತ್ತರ ಬಂದಿರುತ್ತದೆ. ಇಲ್ಲಿ ‘ಬಿಡಿ’ ಎಂಬುದನ್ನು ‘ಕೊಡಿ’ ಎಂದು ಓದಿಕೊಳ್ಳುವ ಅಗತ್ಯವಿಲ್ಲ.

ಮೇಲ್ಕಂಡ ನಿಯಮಗಳನ್ನು ಓದಿ ಅರ್ಥವಾದವರು ಸಹಿ ಮಾಡತಕ್ಕದ್ದು. ಅರ್ಥವಾಗದವರು ಒಂದು ಭಾನುವಾರ ಬಂದು ಹಗ್ಗ ಹಿಡಿಯತಕ್ಕದ್ದು.

ಸಹಿ/-
(ಶೇಷಗಿರಿ)
ಕಚೇರಿ ಅಧೀಕ್ಷಕರು ಹಾಗೂ ಸಂಚಾಲಕರು

ಪ್ರತಿಗಳು:
೧. ವೀಕ್ಷಕ ಶ್ರೀ ತ್ರಿವಿಕ್ರಮ ಅವರಿಗೆ, ಆಯ್ಕೆ ಪಟ್ಟಿಯೊಂದಿಗೆ ಲಗತ್ತಿಸಲು.
೨. ಕುಮಾರಿ ತುಂಗಾ ಅವರಿಗೆ, ಇಪ್ಪತ್ತೆಂಟು ದಿನಗಳ ವಿಶೇಷ ರಜೆ ಮಂಜೂರಾತಿಯೊಂದಿಗೆ. ಉಣ್ಣೆಯ ಕಾಲುಚೀಲ ಮರೆಯತಕ್ಕದ್ದಲ್ಲ.
೩. ಶ್ರೀಮತಿ ಅಲಮೇಲು ಅವರಿಗೆ, ಯಶವಂತಪುರ. ಒಂಬತ್ತನೆಯ ಕಲಮನ್ನು ಬಿಟ್ಟು ಓದಲು ಕೋರಿ.
೪. ಶ್ರೀ ಸೊಣ್ಣಪ್ಪನವರಿಗೆ, ಓದಿ ಹೇಳುವ ಮೂಲಕ.
೫. ಸೂಚನಾ ಫಲಕಕ್ಕೆ.
೬. ಶ್ರೀಮತಿ ಜಯಾ ಶೇಷಗಿರಿ ಅವರಿಗೆ, ಆರ್.ಟಿ. ನಗರ. ಇವರು ಲೂನಾ ಮೊಪೆಡ್ ಓಡಿಸಲು ಕಲಿಯುತ್ತಿರುವ ಕಳೆದ ಎಂಟು ತಿಂಗಳಿನಿಂದ ಸಹಿದಾರರು ಅದರ ಹಿಂಬದಿಯನ್ನು ಹಿಡಿದು ಓಡುತ್ತಿದ್ದು, ಬರುವ ಭಾನುವಾರ ಮೈದಾನದ ಮೊದಲನೆಯ ತಿರುವಿನಲ್ಲಿ ಕೈ ತೆಗೆಯಲಿದ್ದಾರೆಂದು ಮುಂಚಿತವಾಗಿ ತಿಳಿಸಲು.