ಭೂತಾಯಿಯ ಉಸಿರು

ನಾನು ಗೊರಕೆ ಹೊಡೆಯುತ್ತೇನೆಂಬುದು ಹೆಂಡತಿ ನನ್ನ ಮೇಲೆ ಹೊರಿಸಿದ್ದ ಶುದ್ಧ ಸುಳ್ಳು ಆರೋಪ. ನಾನೋ ಗ್ರಂಥಪಾಲಕ. ಓದುಗರು ಸೀನಿದರೂ ತುಟಿಯ ಮೇಲೆ ಬೆರಳಿಟ್ಟು ಗದರುವವನು. ಅಂಥವನ ಮೂಗಿನಿಂದ ಸದ್ದು ಬರುತ್ತದೆಂದರೆ ಯಾರಾದರೂ ನಂಬುತ್ತಾರೆಯೇ? (ಪಕ್ಕದ ಮನೆಯವರು ನಂಬಿದ್ದರು. ಅವರ ಮಾತು ಬಿಡಿ.)

ಮಗಳು ಈಚೆಗೆ ಕಂಪ್ಯೂಟರಿನಲ್ಲಿ ಸಂಗೀತ ಹೆಣೆಯುವುದನ್ನು ಕಲಿಯುತ್ತಿದ್ದಾಳೆ. ಡೌನ್‌ಟೆಂಪೋ ಎಂಬ ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತದ ರುಚಿ ಹತ್ತಿಸಿದವಳು ಅವಳೇ. ಮಾತಿಲ್ಲ, ಅವಸರವಿಲ್ಲ, ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಭಾನುವಾರ ಊಟವಾದ ಮೇಲೆ ಹೆಡ್‌ಫೋನ್ ಏರಿಸಿ, ಸೋಫಾದಲ್ಲಿ ಒರಗಿ, ಕಣ್ಣು ಮುಚ್ಚಿ ನಾದಸಮಾಧಿಗೆ ಇಳಿಯುತ್ತಿದ್ದೆ.

"ರೀ, ಒಳಗೆ ಹೋಗಿ ಮಲ್ಕೊಳ್ಳಿ. ಟಿವಿ ಕೇಳಿಸ್ತಿಲ್ಲ," ಎಂದು ಇವಳು ಒಂದು ಭಾನುವಾರ ಅಲುಗಾಡಿಸಿದಳು.

"ಮಲಗಿಲ್ಲ ಕಣೆ, ಸಂಗೀತ ಕೇಳ್ತಿದೀನಿ."

"ಮತ್ತೆ ಆ ಗೊರಕೆ ಯಾರ್ದು?"

"ನಂದೇ ಅಂತ ಸಾಬೀತು ಮಾಡು. ಅವತ್ತೇ ದಿಂಬು ಎತ್ಕೊಂಡು ಸಾಮಾನಿನ ಕೋಣೆಗೆ ಹೋಗ್ತೀನಿ."

ಮುರಿದ ಫ್ಯಾನು, ಹಳೆಯ ಪೆಟ್ಟಿಗೆ ತುಂಬಿದ ಆ ಕೋಣೆಗೆ ಕಿಟಕಿಯೇ ಇಲ್ಲ. ಗೆಲ್ಲುವ ಭರವಸೆಯಿದ್ದುದರಿಂದಲೇ ಅಷ್ಟು ಧಾರಾಳವಾಗಿ ಪಣ ಒಡ್ಡಿದ್ದೆ.

ಮುಂದಿನ ಭಾನುವಾರ ಹೆಂಡತಿಯ ಅಕ್ಕ, ಭಾವ ಬಂದರು. ಷಡ್ಡಕ ಹಲ್ಲಿನ ಡಾಕ್ಟರು. ಅವರೆದುರು ನನ್ನ ರಸಿಕತೆ ಮೆರೆಯುವ ಅವಕಾಶ ಬಿಟ್ಟೇನೆಯೇ? ಹೊಸದೇನಾದರೂ ಹಾಕು ಎಂದು ಮಗಳಿಗೆ ಹೇಳಿದೆ. ಅವಳು ಅಮ್ಮನ ಮುಖ ನೋಡಿ ಸ್ಪೀಕರ್ ಹಚ್ಚಿದಳು.

ಮೇಲೆ ಸಣ್ಣ ಗಂಟೆಯಂಥ ದನಿ. ಅಡಿಯಲ್ಲಿ ಮೆಲ್ಲಗೆ ಏರಿ ಇಳಿಯುವ ಗಂಭೀರ ನಾದ. ನನಗೆ ಮೈ ಜುಮ್ಮೆಂದಿತು.

"ಆ ಕೆಳಗಿನ ಸ್ವರ ಕೇಳಿ ಡಾಕ್ಟ್ರೇ. ಭೂತಾಯಿನೇ ಉಸಿರಾಡ್ತಿದಾಳೆ. ತಪಸ್ಸು ಮಾಡ್ದೋರಿಗೆ ಮಾತ್ರ ಒಲಿಯೋ ಸ್ವರ."

"ಅಷ್ಟು ಚೆನ್ನಾಗಿದ್ಯಾ?" ಎಂದಳು ಹೆಂಡತಿ.

"ನಿನಗೇನು ಗೊತ್ತು. ಇದನ್ನ ದಿನಾ ಪಕ್ಕದಲ್ಲೇ ಕೇಳೋಕೆ ಪುಣ್ಯ ಮಾಡಿರ್ಬೇಕು."

"ಹಾಗಾದ್ರೆ ನನ್ನಂಥ ಪುಣ್ಯವಂತೆ ಇನ್ನೊಬ್ಬಳಿಲ್ಲ ಬಿಡಿ."

ಮಗಳು ತಲೆ ತಗ್ಗಿಸಿ, "ಅಪ್ಪ, ಅದು ನಿಮ್ಮ ಗೊರಕೆ. ಹೋದ ಭಾನುವಾರ ರೆಕಾರ್ಡ್ ಮಾಡ್ಕೊಂಡು ಸ್ವಲ್ಪ ನಿಧಾನ ಮಾಡಿದೆ, ಅಷ್ಟೇ," ಎಂದಳು. ನಾನು ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೂಲವನ್ನೇ ಹಾಕಿಬಿಟ್ಟಳು. ಗರಗಸದಂಥ ಗೊರಕೆ ತಟ್ಟನೆ ನಿಂತಿತು. ಹಿಂದೆಯೇ ನನ್ನದೇ ದನಿ: "ಮಲಗಿಲ್ಲ ಕಣೆ, ಸಂಗೀತ ಕೇಳ್ತಿದೀನಿ."

ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. (ಬಿಟ್ಟಿದ್ದರೆ ಮತ್ತದೇ ಸದ್ದು ಬರುತ್ತಿತ್ತೋ ಏನೋ.) ದಿಂಬು ಅಂದೇ ಸಾಮಾನಿನ ಕೋಣೆ ಸೇರಿತು. ಷಡ್ಡಕರು ಹೊರಡುವಾಗ, "ನನಗೂ ಕಳಿಸಮ್ಮ, ಕ್ಲಿನಿಕ್ಕಲ್ಲಿ ಹಾಕ್ತೀನಿ. ಹಲ್ಲು ಕೀಳಿಸೋಕೆ ಬಂದೋರ ಭಯ ಹೋಗುತ್ತೆ," ಎಂದು ಮಗಳಿಗೆ ಹೇಳಿ ಹೋದರು.

ಮೊನ್ನೆ ದವಡೆಹಲ್ಲು ನೋವೆಂದು ಅಲ್ಲಿಗೇ ಹೋಗಬೇಕಾಯಿತು. ಕಾಯುವ ಕೋಣೆಯಲ್ಲಿ ನನ್ನ ನಾದ ಹರಿಯುತ್ತಿತ್ತು. ಕೆನ್ನೆ ಊದಿದವರೆಲ್ಲ ನೋವು ಮರೆತು ತಲೆದೂಗುತ್ತಿದ್ದರು. ಅಷ್ಟು ನಾಚಿಕೆಯಲ್ಲೂ ಒಂದಿಷ್ಟು ಹೆಮ್ಮೆ ಮೂಡಿತು. ಮೂಲೆಯ ಕುರ್ಚಿಯಲ್ಲಿ ಒರಗಿ, ಕೇಳಲೆಂದು ಮಾತ್ರ ಕಣ್ಣು ಮುಚ್ಚಿದೆ.

ಯಾರೋ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ನರ್ಸಮ್ಮ, ತುಟಿಯ ಮೇಲೆ ಬೆರಳು. ಕೋಣೆಯವರೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಸಾರ್, ಗೊರಕೆ ಸ್ವಲ್ಪ ನಿಲ್ಲಿಸ್ತೀರಾ? ಇವರಿಗೆಲ್ಲ ಸಂಗೀತ ಕೇಳಿಸ್ತಿಲ್ಲವಂತೆ."