ಧಾರೆ ಎರೆದ ಕೈ

ಇಪ್ಪತ್ತೈದು ವರ್ಷ ಕ್ಯಾಮೆರಾ ಹಿಡಿದವನಿಗೆ ನೋಡುವುದು ಹೇಗೆಂದು ಹೆಂಡತಿ ಹೇಳಿಕೊಡಬೇಕಾಯಿತು ಎಂದರೆ ಮರ್ಯಾದೆ ಹೋಗುವ ಮಾತೇ. ಹೋದರೆ ಹೋಗಲಿ, ಹೇಳಿಬಿಡುತ್ತೇನೆ. ಕಡೂರಿನಲ್ಲಿ ನನ್ನದೊಂದು ಸ್ಟುಡಿಯೋ ಇದೆ. ತರೀಕೆರೆಯಿಂದ ಅಜ್ಜಂಪುರದವರೆಗೆ ಯಾವ ಛತ್ರದಲ್ಲಿ ಮದುವೆಯಾದರೂ ವಿಡಿಯೋಗೆ ನನ್ನನ್ನೇ ಕರೆಯುತ್ತಾರೆ. ಹಾಗೆಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಆದ್ದರಿಂದ ಸಂಜೆ ನನ್ನಾಕೆ ಗಿರಿಜೆ ಧಾರಾವಾಹಿಗೆ ಕೂತರೆ ನಾನೂ ಪಕ್ಕದಲ್ಲಿ ಕೂತು, ಲೈಟಿಂಗ್ ಸರಿಯಿಲ್ಲ, ಫೋಕಸ್ ಸರಿಯಿಲ್ಲ ಎಂದು ಪಾಂಡಿತ್ಯ ಬಿಚ್ಚುವುದು ವಾಡಿಕೆ.

ಮೊನ್ನೆ ಅವಳಿಗೆ ರೇಗಿಹೋಯಿತು. ಟೀವಿಯ ಧ್ವನಿಯನ್ನೂ ನನ್ನ ಬಾಯನ್ನೂ ಒಟ್ಟಿಗೆ ಬಂದ್ ಮಾಡಿಸಿ, "ಈಗ ಸುಮ್ನೆ ನೋಡ್ರೀ. ಗಂಡಸು ಮಾತಾಡೋವಾಗ ಕ್ಯಾಮೆರಾ ಎಲ್ಲೈತೆ?" ಎಂದಳು. ಕೆಳಗಿತ್ತು. ಮನೆಯ ಯಜಮಾನ ಸೂರು ಮುಟ್ಟುವಷ್ಟು ಎತ್ತರ ಕಾಣುತ್ತಿದ್ದ. "ಸೊಸೆ ಬಂದಾಗ?" ಮೇಲಕ್ಕೆ ಹೋಗಿತ್ತು; ಪಾಪದ ಹುಡುಗಿ ಮೊಳದಷ್ಟಾಗಿದ್ದಳು. ಬಳೆ ಬೇರೆ, ಗೆಜ್ಜೆ ಬೇರೆ, ಕಣ್ಣೀರಿನ ಹನಿ ಬೇರೆ ತೋರಿಸಿದರೇ ಹೊರತು ಇಡೀ ಹೆಂಗಸು ಒಂದು ಸಲವೂ ಕಾಣಲಿಲ್ಲ. ಅವನು ಬೈದದ್ದು ಒಂದು ಸಲ, ಅವಳು ಬೆಚ್ಚಿದ್ದನ್ನು ತೋರಿಸಿದ್ದು ಮೂರು ಸಲ. "ಡೈಲಾಗ್ ಬರ್ದೋನು ಆಮೇಲೆ. ಮೊದ್ಲು ಕ್ಯಾಮೆರಾದೋನೇ ಇವ್ಳನ್ನ ಕುಗ್ಗಿಸಿಬಿಟ್ಟವ್ನೆ ಕಣ್ರೀ." ಅಬ್ಬಾ, ನನಗೆ ಮೈ ಜುಮ್ಮೆಂದಿತು. ನನ್ನ ಕಸುಬಿನ ಗುಟ್ಟನ್ನು ಅವಳು ಬಟಾಣಿ ಸುಲಿಯುತ್ತಾ ಹೇಳಿಬಿಟ್ಟಿದ್ದಳು!

"ಇದೆಲ್ಲ ನಿನ್ಗೆ ಯಾವಾಗ ಗೊತ್ತಾಯ್ತೇ?" ಎಂದು ಕೇಳಿದೆ. "ನಮ್ ಪುಟ್ಟಿ ಮದ್ವೆ ವಿಡಿಯೋ ನೋಡ್ದಾಗ" ಎಂದಳು. ಮಗಳ ಮದುವೆಯಲ್ಲಿ ಧಾರೆಗೆ ನಾನೇ ನಿಲ್ಲಬೇಕಾಗಿದ್ದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ನಾನೇ ಹೊಂದಿಸಿ ಹೋಗಿದ್ದೆ. ಈಗ ಆ ವಿಡಿಯೋ ಹಾಕಿ ನೋಡಿದೆ. ಪೇಟ ಸುತ್ತಿಕೊಂಡು ನಾನೇ ಪರದೆ ತುಂಬ ಇದ್ದೇನೆ. ಪಕ್ಕದಿಂದ ಗಿಂಡಿ ಹಿಡಿದ ಎರಡು ಕೈ, ಹಸಿರು ಬಳೆ, ನೀರು. ಗಿರಿಜೆಯ ಮುಖ ಇಲ್ಲವೇ ಇಲ್ಲ. "ಮಗ್ಳನ್ನ ಕೊಡೋವಾಗ ನಾನು ಹೆಂಗಿದ್ದೆ ಅಂತ ಒಂದ್ಸಲ ನೋಡ್ಬೇಕಿತ್ತು. ಧಾರೆ ಎರ್ದಿರೋ ಕೈ ಐತೆ, ಎರ್ದೋಳೇ ಇಲ್ಲ" ಎಂದಳು. ಇನ್ನೊಂದು ಸಲ ಧಾರೆ ಎರೆಸಿಕೊಳ್ಳಿ ಎಂದು ಬೀಗರನ್ನು ಕೇಳಲಾದೀತೇ?

ಮಾರನೆಯ ದಿನ ಅವಳನ್ನು ಸ್ಟುಡಿಯೋಗೆ ಕರೆದೊಯ್ದೆ. ಇವತ್ತು ಬರೀ ನಿನ್ನ ಮುಖ ಎಂದು ಕೂರಿಸಿ, ಸ್ಟೂಲು ಹತ್ತಿ ಕ್ಯಾಮೆರಾ ಹಿಡಿದೆ. ಪ್ರತಿ ಮದುಮಗಳಿಗೂ ಹೇಳಿ ಹೇಳಿ ರೂಢಿಯಾದ ನಾಲಿಗೆ ನೋಡಿ, ತಾನಾಗಿ ಹೊರಳಿತು: "ತಲೆ ಒಂಚೂರು ಬಗ್ಸು. ನಾಚ್ಕೋ." ಗಿರಿಜೆ ಎದ್ದು ಬಂದಳು. ನನ್ನನ್ನು ಕೆಳಗಿಳಿಸಿ, ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾ ಕಿತ್ತುಕೊಂಡು ತಾನೇ ಸ್ಟೂಲು ಹತ್ತಿದಳು. "ತಲೆ ಬಗ್ಸ್ರೀ. ಇನ್ನೂ. ನಾಚ್ಕೊಳ್ರೀ." ಬಗ್ಗಿಸಿದೆ, ನಾಚಿಕೊಂಡೆ. ಆಮೇಲೆ ನೋಡಿದರೆ ಲೈಟಿಗೆ ಫಳಫಳ ಹೊಳೆಯುವ ನನ್ನ ಬೋಳುತಲೆ ಬಂದಿದೆ, ಮುಖವೇ ಇಲ್ಲ. ಫೋಕಸ್ ಮಾತ್ರ, ಒಪ್ಪಬೇಕು, ನನ್ನದಕ್ಕಿಂತ ಚೆನ್ನಾಗಿತ್ತು.